ಜೀವಶಾಸ್ತ್ರದ ತರಗತಿಯ ನಿಯಮಪತ್ರ: ಸಹಿ ಹಾಕುವ ಮೊದಲು



ಶಾಲೆಗಳು ತೆರೆದ ಮೊದಲ ವಾರಗಳಲ್ಲಿ ನಮ್ಮ ಉಚಿತ ವಾಚನಾಲಯದ ಮೇಜಿನ ಮೇಲೆ ವೃತ್ತಪತ್ರಿಕೆಗಳ ಜತೆಗೆ ಇನ್ನೊಂದು ಬಗೆಯ ಕಾಗದವೂ ಬಂದು ಬೀಳುತ್ತದೆ. ಹನ್ನೊಂದು, ಹನ್ನೆರಡನೆಯ ತರಗತಿಗಳಲ್ಲಿ ವಿಜ್ಞಾನ ತೆಗೆದುಕೊಂಡ ಮಕ್ಕಳ ಕೈಯಲ್ಲಿ ಜೀವಶಾಸ್ತ್ರದ ಅಧ್ಯಾಪಕರು ಕೊಟ್ಟು ಕಳುಹಿಸುವ ನಿಯಮಪತ್ರವದು. ಎರಡು ಪುಟ ಇಂಗ್ಲಿಷು. ಕೊನೆಗೆ ಪಾಲಕರ ಸಹಿಗೆಂದು ಒಂದು ಗೆರೆ. ಹೋಟೆಲಿನ ಅಡಿಗೆಮನೆಯಿಂದ ಬಂದ ತಂದೆ, ಕಾರಖಾನೆಯ ಪಾಳಿ ಮುಗಿಸಿ ಬಂದ ತಂದೆ ಅದನ್ನು ಮುಂದಿಟ್ಟು, "ಇದರಲ್ಲಿ ಏನುಂಟು ಮಾರಾಯರೇ? ರುಜು ಎಲ್ಲಿ ಹಾಕುವುದು?" ಎಂದು ಕೇಳುತ್ತಾರೆ. ಜಾಗ ತೋರಿಸಿ ಕಳುಹಿಸುವುದು ಸುಲಭ. ನಾವೂ ಬಹಳ ಕಾಲ ಹಾಗೆಯೇ ಮಾಡಿದೆವು. ಅದು ತಪ್ಪೆಂದು ನಮಗೆ ಮನವರಿಕೆಯಾದದ್ದು ಹೇಗೆಂಬುದನ್ನು ಮುಂದೆ ಹೇಳುತ್ತೇವೆ.

ನಾವು ಮ್ಯಾಟ್ರಿಕ್‌ವರೆಗೆ ಓದಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಜೀವಶಾಸ್ತ್ರ ಕಲಿಸುವ ಯೋಗ್ಯತೆ ನಮಗಿಲ್ಲ. ಆದರೆ ವರ್ಷವರ್ಷವೂ ಈ ನಿಯಮಪತ್ರಗಳನ್ನು ಓದಿ, ಅಧ್ಯಾಪಕರನ್ನು ಕೇಳಿ, ಪಠ್ಯಪುಸ್ತಕ ತಿರುವಿ ತಿಳಿದುಕೊಂಡದ್ದಿಷ್ಟು: ಇದರಲ್ಲಿ ಕಾರಣವಿಲ್ಲದ ನಿಯಮ ಒಂದೂ ಇಲ್ಲ, ಮತ್ತು ಇದರ ಅರ್ಧದಷ್ಟನ್ನು, ಶಾಲೆಯ ಮೆಟ್ಟಿಲನ್ನೇ ಹತ್ತದ ತಾಯಿತಂದೆಯರೂ ಮನೆಯಲ್ಲಿ ನಡೆಸಿಕೊಡಬಹುದು. ಮಂಡಳಿಯಿಂದ ಮಂಡಳಿಗೆ ಸ್ವಲ್ಪ ವ್ಯತ್ಯಾಸವಿರುವುದರಿಂದ ಇಲ್ಲಿ ಸಿ.ಬಿ.ಎಸ್.ಇ. ಎಂದು ಎಲ್ಲರೂ ಕರೆಯುವ ಕೇಂದ್ರೀಯ ಮಂಡಳಿಯ ಹನ್ನೆರಡನೆಯ ತರಗತಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ.

೧. ಅಂಕಗಳೂ ಹಾಜರಿಯೂ

ಜೀವಶಾಸ್ತ್ರಕ್ಕೆ ಒಟ್ಟು ೧೦೦ ಅಂಕ. ಬರಹದ ಪರೀಕ್ಷೆಗೆ ೭೦, ಪ್ರಯೋಗದ ಪರೀಕ್ಷೆಗೆ ೩೦. ಈಚಿನ ಪಠ್ಯಕ್ರಮದಲ್ಲಿ ಬರಹದ ೭೦ ಅಂಕಗಳು ಹೀಗೆ ಹಂಚಿಹೋಗಿವೆ: ಸಂತಾನೋತ್ಪತ್ತಿಗೆ ೧೬, ಅನುವಂಶೀಯತೆ ಮತ್ತು ಜೀವವಿಕಾಸಕ್ಕೆ ೨೦, ಜೀವಶಾಸ್ತ್ರ ಮತ್ತು ಮಾನವ ಕಲ್ಯಾಣಕ್ಕೆ ೧೨, ಜೈವಿಕ ತಂತ್ರಜ್ಞಾನಕ್ಕೆ ೧೨, ಪರಿಸರ ವಿಜ್ಞಾನಕ್ಕೆ ೧೦. ತೇರ್ಗಡೆಯಾಗಲು ಶೇಕಡಾ ೩೩ ಸಾಕು. ಆದರೆ ಬರಹದಲ್ಲಿ ಬೇರೆ, ಪ್ರಯೋಗದಲ್ಲಿ ಬೇರೆ ಬರಬೇಕು. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಳ್ಳುವಂತಿಲ್ಲ. ಪ್ರಯೋಗವೆಂದರೆ ಹೆಚ್ಚಿನ ಸಂಗತಿ, ಪುಸ್ತಕ ಓದಿದರೆ ಸಾಕು ಎಂದುಕೊಂಡವರು ಇದನ್ನು ನೆನಪಿಡಬೇಕು.

ಎರಡನೆಯದು ಹಾಜರಿ. ಮಂಡಳಿಯ ಪರೀಕ್ಷೆಗೆ ಕೂರಲು ಶೇಕಡಾ ೭೫ ಹಾಜರಿ ಬೇಕು. ಶಾಲೆ ೨೦೦ ದಿನ ನಡೆದರೆ ೧೫೦ ದಿನವಾದರೂ ಮಗು ತರಗತಿಯಲ್ಲಿರಬೇಕು. ಪರವೂರಿನಲ್ಲಿರುವ ನಮ್ಮಂಥವರಿಗೆ ಇದೇ ದೊಡ್ಡ ತೊಡಕು. ಊರಿನ ಜಾತ್ರೆ, ಅಣ್ಣನ ಮಗಳ ಮದುವೆ, ಅಜ್ಜನ ತಿಥಿ, ಎಲ್ಲದಕ್ಕೂ ಸಂಸಾರಸಮೇತ ಹೊರಡುವುದು ನಮ್ಮ ರೂಢಿ. ಹೋದವರು ರೈಲಿನ ಟಿಕೆಟು ಸಿಕ್ಕಾಗ ತಿರುಗಿ ಬರುವವರು. ಕಾಯಿಲೆಯಿಂದ ಮಲಗಿದರೆ ವೈದ್ಯರ ಪತ್ರವಿಟ್ಟು ವಿನಾಯಿತಿ ಕೇಳಬಹುದು. ಜಾತ್ರೆಗೆ ಹಾಗೆ ಕೇಳುವಂತಿಲ್ಲ. ಆದುದರಿಂದ ಈ ಎರಡು ವರ್ಷ ಮಗನನ್ನೋ ಮಗಳನ್ನೋ ಬಿಟ್ಟುಹೋಗಲು ನೆರೆಮನೆಯವರೊಡನೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದು ಲೇಸು.

೨. ಪ್ರಯೋಗಶಾಲೆಯ ನಿಯಮಗಳು

ಇವನ್ನು ಓದಿದವರಿಗೆ ಅಧ್ಯಾಪಕರು ಬಹಳ ಕಟ್ಟುನಿಟ್ಟಿನವರೆಂದು ತೋರಬಹುದು. ಕಾರಣ ತಿಳಿದರೆ ಹಾಗೆ ತೋರದು.

ಒಳಗೆ ತಿನ್ನಕೂಡದು, ಕುಡಿಯಕೂಡದು. ಬಣ್ಣದ ದ್ರಾವಣವೂ ಆಮ್ಲವೂ ಬೆರಳಿಗೆ ಅಂಟಿರುತ್ತವೆ. ಆ ಬೆರಳು ಬಾಯಿಗೆ ಹೋಗಬಾರದು. ಹೊರಡುವಾಗ ಸಾಬೂನಿನಿಂದ ಕೈ ತೊಳೆಯಬೇಕೆಂಬುದೂ ಇದೇ ಕಾರಣಕ್ಕೆ.

ಜಡೆ ಕಟ್ಟಿರಬೇಕು, ದುಪಟ್ಟಾಕ್ಕೆ ಪಿನ್ನು ಹಾಕಿರಬೇಕು. ಮೇಜಿನ ಮೇಲೆ ಸ್ಪಿರಿಟ್ ದೀಪ ಉರಿಯುತ್ತಿರುತ್ತದೆ. ಆ ದೀಪವನ್ನು ಊದಿ ಆರಿಸಬಾರದು, ಮುಚ್ಚಳದಿಂದ ಮುಚ್ಚಬೇಕು. ಒಂದು ದೀಪವನ್ನು ಓರೆಮಾಡಿ ಇನ್ನೊಂದರಿಂದ ಹೊತ್ತಿಸಬಾರದು. ಸ್ಪಿರಿಟ್ ಚೆಲ್ಲಿದರೆ ಮೇಜೇ ಹೊತ್ತಿಕೊಳ್ಳುತ್ತದೆ.

ಆಮ್ಲವನ್ನು ನೀರಿಗೆ ಹೊಯ್ಯಬೇಕು. ನೀರನ್ನು ಆಮ್ಲಕ್ಕೆ ಹೊಯ್ಯಬಾರದು. ತೀಕ್ಷ್ಣವಾದ ಆಮ್ಲಕ್ಕೆ ನೀರು ಬಿದ್ದರೆ ಒಮ್ಮೆಲೆ ಕಾವು ಎದ್ದು ಮುಖಕ್ಕೆ ಸಿಡಿಯುತ್ತದೆ. ಕಾದ ಎಣ್ಣೆಗೆ ನೀರಿನ ಹನಿ ಬಿದ್ದರೆ ಸಿಡಿಯುವುದನ್ನು ಅಡಿಗೆಯವರು ದಿನವೂ ನೋಡುತ್ತಾರೆ. ಎರಡೂ ಕಡೆ ಎಚ್ಚರ ಒಂದೇ.

ಸೂಕ್ಷ್ಮದರ್ಶಕವನ್ನು ಎರಡೂ ಕೈಗಳಿಂದ ಎತ್ತಬೇಕು, ಒಂದು ಕೈ ಅದರ ತೋಳಿಗೆ, ಇನ್ನೊಂದು ಅಡಿಗೆ. ಮೊದಲು ಕಡಿಮೆ ಶಕ್ತಿಯ ಮಸೂರದಿಂದ ನೋಡಿ, ಬೇಕಾದ ಭಾಗವನ್ನು ನಡುವಿಗೆ ತಂದು, ಅನಂತರ ಹೆಚ್ಚಿನ ಶಕ್ತಿಯದಕ್ಕೆ ಹೋಗಬೇಕು. ಆಗ ದೊಡ್ಡ ತಿರುಪನ್ನು ಮುಟ್ಟಬಾರದು, ಸಣ್ಣದನ್ನೇ ತಿರುಗಿಸಬೇಕು. ಇಲ್ಲವಾದರೆ ಮಸೂರ ಕೆಳಗಿಳಿದು ಗಾಜಿನ ಪಟ್ಟಿಯನ್ನು ಒಡೆಯುತ್ತದೆ, ತಾನೂ ಗೀಚಿಹೋಗುತ್ತದೆ. ಒಂದು ಸೂಕ್ಷ್ಮದರ್ಶಕದ ಮುಂದೆ ಹಲವು ಮಕ್ಕಳು ಸರತಿಯಲ್ಲಿ ನಿಲ್ಲುತ್ತಾರೆ. ಒಬ್ಬನ ಅವಸರದಿಂದ ಎಲ್ಲರಿಗೂ ನಷ್ಟ.

೩. ರೆಕಾರ್ಡ್ ಪುಸ್ತಕ

ನಾವು ಈ ಲೇಖನ ಬರೆಯಲು ಹೊರಟದ್ದು ಮುಖ್ಯವಾಗಿ ಈ ಪುಸ್ತಕಕ್ಕಾಗಿ. ನಿಯಮಪತ್ರದಲ್ಲಿ ಇರುವುದು ಎರಡೇ ಸಾಲು: ಮಾಡಿದ ಪ್ರಯೋಗವನ್ನು ಅಂದೇ ಬರೆಯಬೇಕು, ಕಂಡದ್ದನ್ನೇ ಬರೆಯಬೇಕು.

ಕೆಲವು ವರ್ಷಗಳ ಹಿಂದೆ, ನಮ್ಮ ಚಾಳಿನ ಹುಡುಗನೊಬ್ಬ ಹನ್ನೆರಡನೆಯ ತರಗತಿಯಲ್ಲಿದ್ದ. ತಂದೆ ಹೋಟೆಲಿನಲ್ಲಿ ಅಡಿಗೆಯವರು. ಹುಡುಗ ಸಂಜೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆದು ಮನೆಗೆ ನಾಲ್ಕು ಕಾಸು ತರುತ್ತಿದ್ದ. ರೆಕಾರ್ಡ್ ಹಿಂದೆ ಬಿತ್ತು. ಅವನ ಕಷ್ಟ ನೋಡಲಾರದೆ, ಹಿಂದಿನ ವರ್ಷ ತೇರ್ಗಡೆಯಾದ ಇನ್ನೊಬ್ಬ ಹುಡುಗನ ರೆಕಾರ್ಡನ್ನು ನಾವೇ ಕೇಳಿ ತಂದುಕೊಟ್ಟೆವು. ಉಪಕಾರ ಮಾಡಿದೆವೆಂಬ ಹೆಮ್ಮೆಯೂ ನಮಗಿತ್ತು. ಅವನು ಮೂರು ರಾತ್ರಿ ಕುಳಿತು ಎಲ್ಲವನ್ನೂ ನಕಲು ಮಾಡಿದ. ಈರುಳ್ಳಿ ಬೇರಿನ ಜೀವಕೋಶಗಳ ಎಣಿಕೆಯನ್ನೂ ಇದ್ದದ್ದು ಇದ್ದಂತೆ ಇಳಿಸಿದ. ಅಧ್ಯಾಪಕಿ ಹಳೆಯ ಎಣಿಕೆಯನ್ನು ಗುರುತಿಸಿದರು. ಪುಸ್ತಕ ತಿರುಗಿ ಬಂತು, ತಂದೆಯನ್ನು ಕರೆಸಿದರು. ಅವರು ಎರಡು ದಿನದ ಸಂಬಳ ಕಳೆದುಕೊಂಡು ಶಾಲೆಯ ಪಡಸಾಲೆಯಲ್ಲಿ ನಿಂತರು. "ನಾನು ಸಹಿ ಹಾಕಿದ ಕಾಗದದಲ್ಲೇ ನಕಲು ಕೂಡದೆಂದು ಬರೆದಿತ್ತಂತೆ, ನನಗೆ ಯಾರೂ ಹೇಳಲಿಲ್ಲ" ಎಂದು ಅವರು ನಮ್ಮೆದುರು ಹೇಳಿದಾಗ ನಾವು ತಲೆ ತಗ್ಗಿಸಬೇಕಾಯಿತು. ಸಹಿಯ ಜಾಗ ತೋರಿಸಿದವರೂ ನಾವೇ, ನಕಲಿಗೆ ಪುಸ್ತಕ ತಂದವರೂ ನಾವೇ.

ಅಧ್ಯಾಪಕಿ ಹುಡುಗನನ್ನು ಕೈಬಿಡಲಿಲ್ಲ. ಶಾಲೆ ಬಿಟ್ಟ ಮೇಲೆ ಅವನನ್ನು ನಿಲ್ಲಿಸಿಕೊಂಡು ಪ್ರಯೋಗಗಳನ್ನು ಮತ್ತೆ ಮಾಡಿಸಿದರು. ಈರುಳ್ಳಿಯ ಪ್ರಯೋಗವನ್ನು ಅವನು ನಮಗೆ ವಿವರಿಸಿದ ಬಗೆ ಹೀಗೆ:

ನೀರು ತುಂಬಿದ ಬಾಟಲಿಯ ಬಾಯಿಗೆ ಈರುಳ್ಳಿಯನ್ನು ಕೂರಿಸಿದರೆ ಕೆಲವು ದಿನಗಳಲ್ಲಿ ಬಿಳಿಯ ಬೇರು ಇಳಿಯುತ್ತದೆ. ಬೆಳಗಿನ ಹೊತ್ತು ಬೇರಿನ ತುದಿಗಳನ್ನು ಕತ್ತರಿಸಿ, ಅಸಿಟಿಕ್ ಆಮ್ಲ ಒಂದು ಪಾಲು, ಆಲ್ಕೊಹಾಲು ಮೂರು ಪಾಲು ಸೇರಿದ ದ್ರಾವಣದಲ್ಲಿ ಒಂದು ದಿನ ಇಡಬೇಕು. ಆಮೇಲೆ ತುದಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣವನ್ನೂ ಹಾಕಿ, ಕುದಿಯದಂತೆ ಮೆಲ್ಲಗೆ ಬೆಚ್ಚಗೆ ಮಾಡಬೇಕು. ಮೇಲೆ ತೆಳುಗಾಜು ಮುಚ್ಚಿ, ಹೀರುಕಾಗದವಿಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಜೀವಕೋಶಗಳು ಒಂದೇ ಪದರವಾಗಿ ಹರಡುತ್ತವೆ. ಅವುಗಳಲ್ಲಿ ಬಹುಪಾಲು ಸುಮ್ಮನಿರುವಂತೆಯೇ ಕಾಣುತ್ತವೆ. ಎಲ್ಲೋ ಕೆಲವು ಮಾತ್ರ ಒಂದು ಎರಡಾಗುವ ಹಂತದಲ್ಲಿರುತ್ತವೆ. ಈರುಳ್ಳಿಯ ಕೋಶದಲ್ಲಿ ೧೬ ವರ್ಣತಂತುಗಳು. ಅವು ದಾರದ ತುಂಡುಗಳಂತೆ ನಡುವೆ ಸಾಲುಗೂಡಿ, ಸೀಳಿ, ಎರಡು ಕಡೆಗೆ ಸರಿಯುತ್ತವೆ.

ಅವನ ಮೊದಲ ಮೂರು ಪಟ್ಟಿಗಳು ಕೆಟ್ಟವು. ನಾಲ್ಕನೆಯದರಲ್ಲಿ ಕಂಡಿತು. "ಪುಸ್ತಕದ ಚಿತ್ರದಲ್ಲಿ ಎಲ್ಲವೂ ಸಾಲಾಗಿ ಇರುತ್ತದೆ ಅಣ್ಣ, ಇಲ್ಲಿ ಹುಡುಕಬೇಕು" ಎಂದ. ನಕಲು ಮಾಡಿದ್ದರೆ ಈ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಇದು ವಾರದ ಕೆಲಸವೆಂಬುದನ್ನೂ ಪಾಲಕರು ಗಮನಿಸಬೇಕು. ಬೇರು ಬಿಡಲು ದಿನ ಬೇಕು, ನೆನೆಯಲು ದಿನ ಬೇಕು; ಪರೀಕ್ಷೆಯ ಹಿಂದಿನ ರಾತ್ರಿ ಮಾಡಿ ಮುಗಿಸುವಂಥದಲ್ಲ.

ಕಂಡದ್ದನ್ನೇ ಬರೆಯಬೇಕೆಂಬ ನಿಯಮಕ್ಕೆ ಗ್ರೆಗರ್ ಮೆಂಡೆಲನ ಉದಾಹರಣೆಯಿದೆ. ಬ್ರನೊ ಪಟ್ಟಣದ ಈ ಪಾದ್ರಿ ಮಠದ ತೋಟದಲ್ಲಿ ಬಟಾಣಿ ಬೆಳೆದು ೧೮೬೬ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದ. ಒಂದು ಪ್ರಯೋಗದಲ್ಲಿ ಅವನಿಗೆ ಸಿಕ್ಕಿದ ಕಾಳುಗಳು ೭,೩೨೪. ದುಂಡನೆಯವು ೫,೪೭೪, ಸುಕ್ಕುಗಟ್ಟಿದವು ೧,೮೫೦. ಅಂದರೆ ಒಂದಕ್ಕೆ ೨.೯೬. ಮೂರಕ್ಕೆ ಒಂದು ಎಂಬ ನಿಯಮ ಹೊಳೆದಿದ್ದರೂ ಲೆಕ್ಕವನ್ನು ಸರಿಯಾಗಿ ಮೂರಕ್ಕೆ ತಿದ್ದಲಿಲ್ಲ. ಅವನು ೧೮೮೪ರಲ್ಲಿ ತೀರಿಕೊಂಡ. ಲೋಕ ಆ ಪ್ರಬಂಧದ ಬೆಲೆ ತಿಳಿದದ್ದು ೧೯೦೦ರಲ್ಲಿ. ೧೯೩೬ರಲ್ಲಿ ಫಿಷರ್ ಎಂಬ ಸಂಖ್ಯಾಶಾಸ್ತ್ರಜ್ಞರು, ಮೆಂಡೆಲನ ಒಟ್ಟು ಅಂಕಿಗಳು ನಿರೀಕ್ಷೆಗೆ ಅತಿಯಾಗಿ ಹತ್ತಿರವಿವೆಯಲ್ಲ ಎಂದು ಪ್ರಶ್ನೆ ಎತ್ತಿದರು. ಎಪ್ಪತ್ತು ವರ್ಷದ ಮೇಲೂ ಅಂಕಿಗಳನ್ನು ಹೀಗೆ ಒರೆಗೆ ಹಚ್ಚುವ ಶಾಸ್ತ್ರದಲ್ಲಿ ಕದ್ದ ಅಂಕಿಗೆ ಎಡೆಯೆಲ್ಲಿ?

ಲೆಕ್ಕ ಬರೆಯುವವರಿಗೆ ಇದು ಹೊಸದಲ್ಲ. ನಮಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರು, ಅಂದಿನ ಕಿರ್ದಿ ಅಂದೇ ಬರೆ, ತಪ್ಪಾದರೆ ಕೆರೆದು ಅಳಿಸಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಹಾಕು ಎನ್ನುತ್ತಿದ್ದರು. ರೆಕಾರ್ಡಿಗೂ ಅದೇ ನೀತಿ. ತಪ್ಪಿದ ಪ್ರಯೋಗವನ್ನು ತಪ್ಪಿತೆಂದು ಬರೆದು ಕಾರಣ ಕೊಟ್ಟರೆ ಅದೂ ಪಾಠವೇ.

೪. ಚಿತ್ರಗಳು, ಹೆಸರುಗಳು

ಚಿತ್ರಕ್ಕೆ ಚೂಪಾದ ಪೆನ್ಸಿಲು ಬೇಕು. ಗೆರೆ ಒಂದೇ ಆಗಿರಬೇಕು, ನೆರಳು ತುಂಬಬಾರದು. ಭಾಗಗಳ ಹೆಸರಿನ ಗೆರೆಗಳು ಒಂದನ್ನೊಂದು ದಾಟಬಾರದು. ಇದು ಅಂದಕ್ಕಲ್ಲ, ನೋಡಿದವರಿಗೆ ಯಾವ ಭಾಗ ಯಾವುದೆಂಬ ಸಂಶಯ ಉಳಿಯಬಾರದೆಂದು.

ಶಾಸ್ತ್ರೀಯ ಹೆಸರಿನಲ್ಲಿ ಎರಡು ಪದ. ನಮ್ಮ ಮಾವಿನ ಮರಕ್ಕೆ ಮ್ಯಾಂಜಿಫೆರಾ ಇಂಡಿಕಾ. ರೋಮನ್ ಲಿಪಿಯಲ್ಲಿ ಬರೆಯುವಾಗ ಮೊದಲ ಪದದ ಮೊದಲಕ್ಷರ ಮಾತ್ರ ದೊಡ್ಡದು. ಕೈಬರಹವಾದರೆ ಎರಡೂ ಪದಗಳಿಗೆ ಬೇರೆಬೇರೆಯಾಗಿ ಅಡಿಗೆರೆ. ಸ್ವೀಡನ್ನಿನ ಲಿನೇಯಸ್ ೧೭೫೩ರಲ್ಲಿ ಸಸ್ಯಗಳಿಗೆ ಈ ಪದ್ಧತಿಯನ್ನು ನೆಲೆಗೊಳಿಸಿದ. ಕನ್ನಡದ ಮಾವು, ಹಿಂದಿಯಲ್ಲಿ ಆಮ್, ಮರಾಠಿಯಲ್ಲಿ ಆಂಬಾ. ಪರವೂರಿನ ಮಾರುಕಟ್ಟೆಯಲ್ಲಿ ಹೆಸರು ತಿಳಿಯದೆ ಬೆರಳು ತೋರಿಸಿ ತರಕಾರಿ ಕೊಂಡವರಿಗೆ, ಎಲ್ಲೆಡೆಯೂ ಸಲ್ಲುವ ಒಂದೇ ಹೆಸರಿನ ಉಪಯೋಗವನ್ನು ಬೇರೆ ಹೇಳಬೇಕಾಗಿಲ್ಲ.

೫. ಕನ್ನಡವೂ ಪರೀಕ್ಷೆಯೂ

ವೈದ್ಯಕೀಯಕ್ಕೆ ಹೋಗಬೇಕೆಂಬ ಮಕ್ಕಳು ನೀಟ್ ಪರೀಕ್ಷೆ ಬರೆಯಬೇಕು. ೨೦೨೫ರ ಪರೀಕ್ಷೆಯ ೧೮೦ ಪ್ರಶ್ನೆಗಳಲ್ಲಿ ೯೦ ಜೀವಶಾಸ್ತ್ರದವು. ೭೨೦ ಅಂಕಗಳಲ್ಲಿ ೩೬೦ ಅದಕ್ಕೇ. ಸರಿಯುತ್ತರಕ್ಕೆ ೪ ಅಂಕ, ತಪ್ಪಿಗೆ ೧ ಕಳೆಯುತ್ತಾರೆ. ೨೦೧೭ರಿಂದ ಕನ್ನಡದ ಪ್ರಶ್ನೆಪತ್ರಿಕೆಯೂ ಉಂಟು. ಆದರೆ ಅದನ್ನು ಕೊಡುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಹೊರನಾಡಿನಲ್ಲಿ ಪರೀಕ್ಷೆ ಬರೆಯುವ ನಮ್ಮ ಮಕ್ಕಳು ಅರ್ಜಿ ತುಂಬುವಾಗ ಇದನ್ನು ಗಮನಿಸಬೇಕು.

ಹಾಗೆಂದು ಮನೆಯಲ್ಲಿ ಕನ್ನಡ ವ್ಯರ್ಥವಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಬಿ. ಜಿ. ಎಲ್. ಸ್ವಾಮಿಯವರು ನಮ್ಮಂತೆಯೇ ಹೊರನಾಡಿನಲ್ಲಿ ಬಾಳಿದವರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ಅವರು ಕನ್ನಡದಲ್ಲಿ 'ಹಸುರು ಹೊನ್ನು' ಎಂದು ಬರೆದರು; ಅದಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಇಂಗ್ಲಿಷಿನಲ್ಲಿ ಓದಿದ್ದನ್ನು ತಾಯಿಗೆ ಕನ್ನಡದಲ್ಲಿ ಹೇಳಬಲ್ಲ ಮಗುವಿಗೆ ಅದು ಅರ್ಥವಾಗಿದೆಯೆಂದು ತಿಳಿಯಬಹುದು. ಹೇಳಲಾರದಿದ್ದರೆ ಬಾಯಿಪಾಠವಾಗಿದೆ, ಅಷ್ಟೇ.

೬. ಪಾಲಕರು ಕೇಳಬೇಕಾದ ಪ್ರಶ್ನೆಗಳು

ವಾರಕ್ಕೊಮ್ಮೆ, ಊಟಕ್ಕೆ ಕುಳಿತಾಗ, ಗದರಿಸದೆ ಕೇಳಿರಿ:

ಈ ವಾರ ಪ್ರಯೋಗಶಾಲೆಯಲ್ಲಿ ಏನು ನೋಡಿದೆ? ಹೇಗೆ ಕಂಡಿತು?
ಅದನ್ನು ರೆಕಾರ್ಡಿನಲ್ಲಿ ಬರೆದೆಯಾ? ತಾರೀಖು ಹಾಕಿದೆಯಾ?
ಯಾವುದು ಸರಿಹೋಗಲಿಲ್ಲ? ಏಕೆ?
ಇದುವರೆಗೆ ಎಷ್ಟು ದಿನ ಶಾಲೆ ತಪ್ಪಿತು?

ಉತ್ತರ ಸರಿಯೋ ತಪ್ಪೋ ಎಂದು ತೂಗಿ ನೋಡುವ ಹೊಣೆ ಅಧ್ಯಾಪಕರದು. ಕೇಳುವವರೊಬ್ಬರು ಮನೆಯಲ್ಲಿದ್ದಾರೆಂಬುದು ಮಗುವಿಗೆ ತಿಳಿದರೆ ಸಾಕು.

ಮೇಲೆ ಹೇಳಿದ ಹುಡುಗ ಆ ವರ್ಷ ತೇರ್ಗಡೆಯಾದ. ಅವನ ತಂದೆ ಈಗಲೂ ಸಂಜೆ ವಾಚನಾಲಯಕ್ಕೆ ಬರುತ್ತಾರೆ. ಈಗ ಕಿರಿಯ ಮಗಳ ಸರದಿ. ಈ ಸಲದ ನಿಯಮಪತ್ರವನ್ನು ಅವರು ತಂದಾಗ ನಾವು ಮೊದಲಿನಿಂದ ಕೊನೆಯವರೆಗೆ ಸಾಲುಸಾಲಾಗಿ ಓದಿ ಹೇಳಿದೆವು. ಅರ್ಧ ಗಂಟೆ ಹಿಡಿಯಿತು. ಆಮೇಲೆ ಅವರು ರುಜು ಹಾಕಿದರು. ನಿಮ್ಮ ಮನೆಗೂ ಅಂಥ ಕಾಗದ ಬಂದಿದ್ದರೆ ತನ್ನಿರಿ. ಸಂಜೆಯ ಹೊತ್ತು ನಾವು ಮೇಜಿನ ಬಳಿ ಇರುತ್ತೇವೆ.