ವೀಣೆಗೆ ಸಾಲ ಕೇಳಿದಾಗ

ಪಿಯುಸಿ ಮುಗಿದದ್ದೇ ಮಗಳು, ಮೈಸೂರಿಗೆ ಹೋಗಿ ವೀಣೆಯಲ್ಲೇ ಪದವಿ ಮಾಡ್ತೀನಿ ಎಂದಳು. ನನ್ನ ಗಂಡ ಬೆಳೆದದ್ದು ಭದ್ರಾವತಿಯ ಪೇಪರ್‌ಟೌನಿನಲ್ಲಿ. ಅಲ್ಲಿನ ಎಂಪಿಎಂ ಕಾಗದ ಕಾರ್ಖಾನೆ ನಿಂತುಹೋದದ್ದನ್ನು ಕಣ್ಣಾರೆ ಕಂಡವರು. “ಅಷ್ಟು ದೊಡ್ಡ ಕಾರ್ಖಾನೆ ಸಂಬಳವನ್ನೇ ನಂಬೋಕಾಗಲಿಲ್ಲ, ಇನ್ನು ವೀಣೆ ನಂಬಿಕೊಂಡು ಕೂರೋದಾ?” ಅಂದರು. ಅತ್ತೆ ಗಾಯಕ ಶಿವಮೊಗ್ಗ ಸುಬ್ಬಣ್ಣನವರನ್ನು ಎಳೆದು ತಂದರು: ‘ಕಾಡು ಕುದುರೆ’ ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರೂ ವಕೀಲರಾಗಿದ್ದರಲ್ಲ! ಸುಳ್ಳಲ್ಲ. ಆದರೆ ಕಾನೂನು ಓದುತ್ತ ದಿನಕ್ಕೆ ಐದಾರು ಗಂಟೆ ವೀಣೆ ಸಾಧನೆ ಮಾಡುವುದು ಎಲ್ಲರ ಕೈಲಾಗುವುದಿಲ್ಲ.

ಅಗ್ಗದ ದಾರಿ ನಮ್ಮೂರು ಶಿವಮೊಗ್ಗದಲ್ಲೇ ಇತ್ತು. ಸಹ್ಯಾದ್ರಿ ಕಾಲೇಜಿನಲ್ಲಿ ಬಿಎ, ಸಂಜೆ ಗುರುಗಳ ಮನೆ, ಜೊತೆಗೆ ಸಂಗೀತದ ಸೀನಿಯರ್, ವಿದ್ವತ್ ಪರೀಕ್ಷೆ. ಹೀಗೆ ಕಲಿತು ಚೆನ್ನಾಗಿ ನುಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಸಂಗೀತ ಶಿಕ್ಷಕರ ಹುದ್ದೆಗೆ ಅರ್ಜಿ ಕರೆಯುವುದೇ ಅಪರೂಪವಾದ್ದರಿಂದ ಪದವಿಪತ್ರದ ಬೆಲೆಯನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಬೆಳಗಿನಿಂದ ಸಂಜೆವರೆಗೆ ಸಂಗೀತವೊಂದೇ ಕೆಲಸ, ಕೇಳಿದಾಗ ಮೃದಂಗಕ್ಕೆ ಕೂರುವ ಸಹಪಾಠಿಗಳು: ಮೈಸೂರಿನಲ್ಲಿ ಸಿಗುವುದು ಇದು. ಇದಕ್ಕೆ ಎಷ್ಟು ಕೊಡಬಹುದು ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ಮೈಸೂರಿನಲ್ಲಿರುವ, ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯದ ಫೀಸು ನೋಡಿ ಹೆದರಬೇಕಿಲ್ಲ, ಎಂಜಿನಿಯರಿಂಗ್ ಮಕ್ಕಳ ಅಪ್ಪ-ಅಮ್ಮಂದಿರಿಗೆ ನಗು ಬಂದೀತು. ಹೆದರಬೇಕಾದದ್ದು ಬಾಡಿಗೆ ಕೋಣೆಗೆ. ಬೆಳಗಿನ ಐದಕ್ಕೆ ಶ್ರುತಿಪೆಟ್ಟಿಗೆ ಹಚ್ಚಿದರೆ ಪಕ್ಕದ ಕೋಣೆಯವರು ಬಾಗಿಲು ತಟ್ಟುತ್ತಾರೆ. ಯಾರೂ ಬಾಗಿಲು ತಟ್ಟದ ಕೋಣೆಗೆ ಬಾಡಿಗೆ ಹೆಚ್ಚು. ಇನ್ನೊಂದು ಖರ್ಚು ವೀಣೆಯದು: ಅದರ ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಬೇಸಿಗೆಗೆ ಮೇಣ ಮೆತ್ತಗಾದರೆ ಸ್ವರ ಜಾರುತ್ತದೆ, ಕಸುಬುದಾರರಿಂದ ಮೆಟ್ಟಿಲುಗಳನ್ನು ಮತ್ತೆ ಕೂರಿಸಿ ಮೇಳ ಕಟ್ಟಿಸಬೇಕು. ಅದಕ್ಕೆ ಸಾವಿರಗಟ್ಟಲೆ ಹೋಗುತ್ತದೆ, ಯಾವ ಕಾಲೇಜಿನ ಫೀಸಿನ ಪಟ್ಟಿಯಲ್ಲೂ ಇದಿರುವುದಿಲ್ಲ. ಮೈಸೂರು ರೈಲಿನಲ್ಲಿ ವೀಣೆಯನ್ನು ಬರ್ತಿನ ಮೇಲೆ ಮಲಗಿಸಿ ಅವಳು ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಹಾಗೆ ನೋಡಿದರೆ ವೀಣೆಗೂ ಒಂದು ಟಿಕೆಟ್ ಬೇಕು.

ಸಾಲದ ಲೆಕ್ಕವನ್ನು ನಾನು ಹಿಂದಿನಿಂದ ಮಾಡಿದೆ. ಪದವಿ ಮುಗಿಸಿ ಊರಿಗೆ ಬಂದು, ತಿಂಗಳಿಗೆ 800 ರೂಪಾಯಿಯಂತೆ ಹತ್ತು ಮಕ್ಕಳಿಗೆ ಪಾಠ ಹೇಳಿದರೆ 8,000. ಶೇ 10ರ ಬಡ್ಡಿಯಲ್ಲಿ ಐದು ವರ್ಷಕ್ಕೆ 3 ಲಕ್ಷ ಪಡೆದರೆ ಕಂತೇ ಸುಮಾರು 6,400. 2 ಲಕ್ಷಕ್ಕೆ 4,250ರ ಆಸುಪಾಸು. ಎರಡಕ್ಕೇ ನಿಲ್ಲಿಸಿದೆವು. ಭದ್ರಾವತಿ ಆಕಾಶವಾಣಿಯ ಆಡಿಷನ್ ಪಾಸಾದರೆ ಬರುವ ಸಂಭಾವನೆಯನ್ನು ಸೇರಿಸಲಿಲ್ಲ. ಅದು ಗೌರವ, ಆದಾಯವಲ್ಲ.

4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡ ಕೇಳುವುದಿಲ್ಲ, ಅಪ್ಪನೋ ಅಮ್ಮನೋ ಜಂಟಿ ಸಾಲಗಾರರಾದರೆ ಸಾಕು. ಓದುವಾಗಿನ ಬಡ್ಡಿಯನ್ನು ಆಗಿಂದಾಗಲೇ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿದರವನ್ನೂ ಇಳಿಸುತ್ತವೆ. ನಾವು ಕಟ್ಟುತ್ತಿದ್ದೇವೆ.

ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಪುಸ್ತಕ, ಸಲಕರಣೆಯ ಖರ್ಚನ್ನೂ ಸಾಲಕ್ಕೆ ಸೇರಿಸಬಹುದು. ವೀಣೆಯೂ ಸೇರಲಿ ಎಂದಾಗ ನಮ್ಮ ಶಾಖೆಯವರು ಕನ್ನಡಕ ತೆಗೆದು, “ಅದು ಹಾಬಿ ಅಲ್ವಾ ಮೇಡಂ?” ಎಂದರು. ಪಠ್ಯಕ್ರಮದ ಪ್ರತಿ ತೋರಿಸಿದ ಮೇಲೆ ಒಪ್ಪಿದರು, ಆದರೆ ಕೊಟೇಶನ್ ಬೇಕೆಂದರು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಂಥ ಊರುಗಳಲ್ಲಿ ಹಲಸಿನ ಮರ ಕೆತ್ತಿ ವೀಣೆ ಮಾಡುವವರೆಲ್ಲ ಅಚ್ಚಾದ ಬಿಲ್‌ಬುಕ್ ಇಟ್ಟಿರುತ್ತಾರೆಂದು ಹೇಳಲಾಗದು. ಮುಂಗಡ ಕೊಡುವ ಮೊದಲೇ ಬೆಲೆ, ವಿಳಾಸ, ಸಹಿ ಇರುವ ಚೀಟಿ ಬರೆಸಿಕೊಳ್ಳಿ. ದುಡ್ಡನ್ನು ಬ್ಯಾಂಕೇ ಅವರ ಖಾತೆಗೆ ಹಾಕಲಿ.