ಇಂದಿನ ಧಮ್ಮ ಚಿಂತನ: ಹಬ್ಬದ ಗಾರಿಗೆ



ನಾಳೆ ಧಮ್ಮಚಕ್ರ ಪ್ರವರ್ತನ ದಿನ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಬುದ್ಧ ಧಮ್ಮ ಸ್ವೀಕರಿಸಿದರು. ನೌಬಾದದ ನಮ್ಮ ಮನೆಯಲ್ಲಿ ಆ ದಿನ ಕುಂಬಳಕಾಯಿ ಗಾರಿಗೆ. ಸಿಹಿಗುಂಬಳ ತುರಿದು ಬೆಲ್ಲದಲ್ಲಿ ಬೇಯಿಸಿ, ಆರಿದ ಮೇಲೆ ಗೋಧಿ ಹಿಟ್ಟು, ಏಲಕ್ಕಿ ಹಾಕಿ ನಾದಿ, ತಟ್ಟಿ ಕರಿಯುತ್ತೇವೆ.

ಸಿಹಿ ತಿಂದು ಖುಷಿಪಡುವುದು ತೃಷ್ಣೆಯೇ ಎಂದು ಮಕ್ಕಳು ಕೇಳುತ್ತಾರೆ. ಅಲ್ಲ. ಉಪವಾಸದಿಂದ ಸೊರಗಿದ್ದ ಸಿದ್ಧಾರ್ಥರು ಸುಜಾತೆ ಕೊಟ್ಟ ಪಾಯಸ ಉಂಡರು, ದೇಹದಂಡನೆ ಬಿಟ್ಟರು. ಬುದ್ಧರಾದ ಮೇಲೆ, ಅತಿಯಾಗಿ ಉಂಡು ಏದುಸಿರು ಬಿಡುತ್ತಿದ್ದ ಕೋಸಲದ ರಾಜ ಪಸೇನದಿಗೆ ಮಿತ ಕಲಿಸಿದರು. ಹಸಿವೂ ಬೇಡ, ಅತಿಯೂ ಬೇಡ. ಇದೇ ಮಧ್ಯಮ ಮಾರ್ಗ.

22 ಪ್ರತಿಜ್ಞೆಗಳಲ್ಲಿ 9ನೆಯದು ಮನುಷ್ಯರೆಲ್ಲ ಸಮಾನರೆಂದು ನಂಬುವುದು. 10ನೆಯದು ಸಮಾನತೆಗಾಗಿ ಶ್ರಮಿಸುವುದು. ನಮ್ಮ ಹಿರಿಯರ ಕೈಯಿಂದ ನೀರನ್ನೂ ಕುಡಿಯದವರಿದ್ದರು. ಅದಕ್ಕೇ ನಾನು ಗಾರಿಗೆಯ ತಟ್ಟೆ ಹಿಡಿದು ಓಣಿಯ ಎಲ್ಲ ಮನೆಗೂ ಹೋಗುತ್ತೇನೆ. ಹಲವರು ಅಲ್ಲೇ ತಿಂದು ಇನ್ನೊಂದು ಕೇಳುತ್ತಾರೆ. ಒಂದು ಮನೆಯವರು ಮಾತ್ರ ‘ಆಮ್ಯಾಲೆ ತಿಂತೀವಿ’ ಎಂದು ಬದಿಗಿಡುತ್ತಾರೆ. ನಾಳೆ ಅಲ್ಲಿಗೂ ಹೋಗುತ್ತೇನೆ.

ಇಂದಿನ ಅಭ್ಯಾಸ: ಮೊದಲ ಗಾರಿಗೆ ನೆರೆಮನೆಗೆ. ನಮ್ಮ ಪಾಲನ್ನು ಮೊಬೈಲ್ ಬದಿಗಿಟ್ಟು, ರುಚಿ ಅರಿತು ನಿಧಾನವಾಗಿ ತಿನ್ನೋಣ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.