ಸ್ಪ್ಲಿಟ್ ಕೀಬೋರ್ಡ್ ತಗೊಳ್ಳೋ ಮುಂಚೆ 'ಪಾರಿಜಾತ' ಟೈಪ್ ಮಾಡಿ ನೋಡ್ರಿ

ಲ್ಯಾಪ್‌ಟಾಪ್ ಮೇಲೆ ಎರಡೂ ಕೈ ಇಟ್ಟು ಮಣಿಕಟ್ಟು ಗಮನಿಸಿ. ಭುಜ ಅಗಲ, ಕೀಬೋರ್ಡ್ ಚಿಕ್ಕದು. ಹಾಗಾಗಿ ಮುಂಗೈ ಓರೆಯಾಗಿ ಒಳಗೆ ಬರುತ್ತದೆ, ಬೆರಳು ನೇರ ಮಾಡಲು ಮಣಿಕಟ್ಟು ಕಿರುಬೆರಳ ಕಡೆಗೆ ಸೊಟ್ಟಾಗುತ್ತದೆ. ಅಂಗೈ ಪೂರ್ತಿ ಕೆಳಮುಖ ಮಾಡಲು ಮುಂಗೈ ತಿರುಚಿಕೊಳ್ಳುತ್ತದೆ. ರಿಪೋರ್ಟ್ ಸಬ್ಮಿಷನ್ ವಾರದಲ್ಲಿ ಕೈ ನೋಯೋದು ಇದಕ್ಕೇ. ಕೀಬೋರ್ಡನ್ನು ಎರಡು ತುಂಡು ಮಾಡಿ ಭುಜದಷ್ಟು ದೂರ ಇಟ್ಟರೆ ಸೊಟ್ಟು ಹೋಗುತ್ತದೆ; ಹೆಬ್ಬೆರಳ ಕಡೆಯ ಅಂಚು ಎತ್ತರಿಸಿದರೆ ತಿರುಚು ಕಡಿಮೆಯಾಗುತ್ತದೆ. ಮೈಕ್ರೋಸಾಫ್ಟ್ 1994ರಲ್ಲಿ ತಂದ ನ್ಯಾಚುರಲ್ ಕೀಬೋರ್ಡ್ ಒಂದೇ ತುಂಡಿನಲ್ಲಿ ಇದನ್ನೇ ಮಾಡಲು ನೋಡಿತ್ತು. (ರಾತ್ರಿ ಕೈ ಜೋಮು ಹಿಡಿಯುತ್ತಿದ್ದರೆ ಕೀಬೋರ್ಡ್ ಹುಡುಕಬೇಡಿ, ಮೊದಲು ಡಾಕ್ಟರ್ ಹತ್ರ ಹೋಗ್ರಿ.)

ಇಷ್ಟು ಯಾವ ರಿವ್ಯೂ ವಿಡಿಯೋದಲ್ಲಾದರೂ ಸಿಗುತ್ತದೆ. ಆದರೆ ಅವರು ಟೈಪ್ ಮಾಡೋದು ಇಂಗ್ಲಿಷ್. ಕನ್ನಡದ ಲೆಕ್ಕ ಬೇರೆ.

ನಮ್ಮೂರು ಕುಲಗೋಡ, ಪಾರಿಜಾತದ ಆಟಕ್ಕೆ ಹೆಸರಾದ ಕುಲಗೋಡ ತಮ್ಮಣ್ಣನ ಊರು. ಅದಕ್ಕೆ 'ಶ್ರೀಕೃಷ್ಣ ಪಾರಿಜಾತ'ವನ್ನೇ ಉದಾಹರಣೆಗೆ ತಗೊಳ್ಳೋಣ. ಕೆ.ಪಿ. ರಾವ್ ರೂಪಿಸಿದ, 'ನುಡಿ'ಯಲ್ಲಿ ಬಳಸುವ ವಿನ್ಯಾಸದಲ್ಲಿ ಇದಕ್ಕೆ ಸ್ಪೇಸ್ ಬಿಟ್ಟು 16 ಕೀ. ಅದರಲ್ಲಿ ಶ, ರೀ ದೀರ್ಘ, ಕೃ ಸುಳಿ, ಣ, ಪಾ ಮತ್ತು ಜಾ ದೀರ್ಘ ಸೇರಿ 6 ಸಲ ಶಿಫ್ಟ್! ಇಂಗ್ಲಿಷ್‌ನಲ್ಲಿ ವಾಕ್ಯದ ಮೊದಲಕ್ಷರಕ್ಕೋ ಹೆಸರಿಗೋ ಶಿಫ್ಟ್ ಸಾಕು; ಇಲ್ಲಿ ದೀರ್ಘಕ್ಕೂ ಬೇಕು, ಮಹಾಪ್ರಾಣಕ್ಕೂ ಬೇಕು. ಎಲ್ಲಾ ಭಾರ ಪಾಪ ಕಿರುಬೆರಳಿಗೆ. ಗಟ್ಟಿಮುಟ್ಟಾದ ಹೆಬ್ಬೆರಳು ಮಾತ್ರ ಸ್ಪೇಸ್ ಒತ್ತಿಕೊಂಡು ಆರಾಮಾಗಿರುತ್ತದೆ.

ಆದ್ದರಿಂದ ನನ್ನ ಪ್ರಕಾರ ತುಂಡಾಗಿದೆಯಾ ಅನ್ನೋದರ ಜೊತೆಗೇ ಕೇಳಬೇಕಾದ ಪ್ರಶ್ನೆ: ಹೆಬ್ಬೆರಳಿಗೆ ಎಷ್ಟು ಕೀ ಇವೆ, ಒಂದನ್ನು ಶಿಫ್ಟ್ ಮಾಡಬಹುದಾ? ಕಿನೆಸಿಸ್ ಫ್ರೀಸ್ಟೈಲ್2 ಎರಡು ತುಂಡು ಹೌದು, ಹೆಬ್ಬೆರಳಿಗಂತ ಬೇರೆ ಗುಂಪಿಲ್ಲ. ಎರ್ಗೋಡಾಕ್ಸ್‌ನಲ್ಲಿ ಪ್ರತಿ ಹೆಬ್ಬೆರಳಿಗೆ 6, ಕಾರ್ನೆಯಲ್ಲಿ 3. ಇವೆರಡೂ ಕ್ಯೂಎಂಕೆ ಫರ್ಮ್‌ವೇರ್‌ನಲ್ಲಿ ನಡೆಯೋದರಿಂದ ಯಾವ ಕೀಗೆ ಯಾವ ಕೆಲಸ ಅಂತ ನೀವೇ ಬರೆಯಬಹುದು.

ಇನ್‌ಸ್ಕ್ರಿಪ್ಟ್ ಬಳಸೋರ ಕಥೆ ಇನ್ನೂ ಮಜಾ. ಅಲ್ಲಿ ಸ್ವರಚಿಹ್ನೆಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ (ನ, ಣ, ಮ, ವ ಎಡಗಡೆ ಕೆಳಸಾಲಿನಲ್ಲಿ). 'ಪಾರಿಜಾತ' ಅಂದರೆ ಬಲ, ಎಡ, ಬಲ, ಎಡ ಅಂತ ಏಳು ಕೀ, ಒಂದೂ ಶಿಫ್ಟ್ ಇಲ್ಲ. ಎರಡು ತುಂಡಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಕಾರ್ನೆಗೆ ಇರೋದು ಒಟ್ಟು 42 ಕೀ. ಇನ್‌ಸ್ಕ್ರಿಪ್ಟ್‌ನ 'ಡ' ಕೂತಿರೋದು ಪಿ ಪಕ್ಕದ ಚೌಕ ಆವರಣದ ಕೀ ಮೇಲೆ, ಕಾರ್ನೆಯಲ್ಲಿ ಆ ಜಾಗಕ್ಕೆ ಸಾಮಾನ್ಯವಾಗಿ ಬ್ಯಾಕ್‌ಸ್ಪೇಸ್ ಬರುತ್ತದೆ. ಅಂದರೆ 'ಕನ್ನಡ' ಬರೆಯಲು ಕೊನೇ ಅಕ್ಷರಕ್ಕೆ ಲೇಯರ್ ಬದಲಿಸಬೇಕು! 'ಕೊ'ದ ಚಿಹ್ನೆಗೂ ಅದೇ ಪಾಡು. ಇನ್‌ಸ್ಕ್ರಿಪ್ಟ್‌ಗೆ 76 ಕೀಗಳ ಎರ್ಗೋಡಾಕ್ಸ್ ಥರದ್ದೇ ಸರಿ. ನುಡಿ ವಿನ್ಯಾಸ 26 ಅಕ್ಷರದ ಕೀಗಳಲ್ಲೇ ಮುಗಿಯೋದರಿಂದ ಅವರಿಗೆ ಕಾರ್ನೆ ಸಾಕು.

ಕಿಟ್ ತಂದು ಬೆಸುಗೆ ಹಾಕೋ ಇಸಿಇ ಗೆಳೆಯರಿಗೆ: ಕಾರ್ನೆಯ ಒಂದು ತುಂಡಿಗೆ 21 ಕೀ, ಪ್ರೋ ಮೈಕ್ರೋಗೆ 18 ಪಿನ್. 4 ಅಡ್ಡಸಾಲು, 6 ಉದ್ದಸಾಲಿನ ಮ್ಯಾಟ್ರಿಕ್ಸ್ ಮಾಡಿದರೆ 10 ಪಿನ್ ಸಾಕು. ಪ್ರತಿ ಕೀಗೂ ಒಂದು ಡಯೋಡ್ ಬೇಕು, ಇಲ್ಲದಿದ್ದರೆ ಒತ್ತದ ಕೀ ಕೂಡ ಒತ್ತಿದ ಹಾಗೆ ಕಾಣುತ್ತದೆ. ತುಂಡುಗಳನ್ನು ಜೋಡಿಸೋ ಟಿಆರ್‌ಆರ್‌ಎಸ್ ಕೇಬಲನ್ನು ಯುಎಸ್‌ಬಿ ಚಾಲೂ ಇರುವಾಗ ಕೀಳಬಾರದು. ಜ್ಯಾಕ್ ಜಾರುವಾಗ ಪವರ್, ಗ್ರೌಂಡ್ ಎರಡೂ ತಾಗಿ ಬೋರ್ಡ್ ಸುಡಬಹುದು.

ದುಡ್ಡು ಹಾಕೋ ಮುಂಚೆ ಪುಕ್ಕಟೆ ಪರೀಕ್ಷೆ ಒಂದಿದೆ. ಎರಡು ಹಳೇ ಯುಎಸ್‌ಬಿ ಕೀಬೋರ್ಡ್ ಒಂದೇ ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿ, ಎಡಗೈ ಒಂದರ ಮೇಲೆ, ಬಲಗೈ ಇನ್ನೊಂದರ ಮೇಲೆ. ಒಂದರ ಶಿಫ್ಟ್ ಇನ್ನೊಂದಕ್ಕೂ ನಡೆಯುತ್ತದೆ. ಒಂದು ವಾರ ಹೀಗೆ ಬರೆದರೆ ದೂರ ಎಷ್ಟು ಬೇಕು ಅಂತ ಗೊತ್ತಾಗುತ್ತದೆ. ಬಿ ಕೀ ಯಾವ ಕೈಯಿಂದ ಒತ್ತುತ್ತೀರಿ ಅನ್ನೋದೂ ನೋಡಿಕೊಳ್ಳಿ. ಸ್ಪ್ಲಿಟ್ ಬೋರ್ಡ್‌ಗಳಲ್ಲಿ ಅದು ಸಾಮಾನ್ಯವಾಗಿ ಎಡ ತುಂಡಿನಲ್ಲೇ ಇರುತ್ತದೆ, ಇನ್‌ಸ್ಕ್ರಿಪ್ಟ್‌ನಲ್ಲಿ ಅದೇ 'ವ'.